ಅದು ಕಲ್ಲಲ್ಲ, ಗಾರೆ

ನಿಮ್ಮ ಪೋಸ್ಟ್ ಓದಿ ಸುಮ್ಮನಿರಲು ಆಗಲಿಲ್ಲ. ಮೆಕ್ಸಿಕೋದ ಎನ್ಸೆನಾಡಾ ಬಂದರಿನಲ್ಲಿ ಕ್ರೂಸ್ ಹಡಗು ಇಳಿದು, ಲಾ ಬುಫಡೋರಾ ಅನ್ನುವ ಪ್ರವಾಸಿ ತಾಣದ ದಾರಿಯ ಸಾಲು ಅಂಗಡಿಯಲ್ಲಿ 40 ಡಾಲರ್ ಕೊಟ್ಟು ಮೊಲ್ಕಹೆತೆ, ಅಂದರೆ ಅಲ್ಲಿನವರ ಮೂರು ಕಾಲಿನ ಒರಳು, ತಂದಿದ್ದೀರಿ. ಹೊಸ ಕಲ್ಲಿನ ಪುಡಿ ಹೋಗಲಿ ಅಂತ ಎಂಟು ಸಲ ಅಕ್ಕಿ ಹಾಕಿ ಅರೆದಿದ್ದೀರಿ. ಇನ್ನೂ ಬೂದು ಪುಡಿ ಬರುತ್ತಿದೆ, ಒಂಬತ್ತನೇ ಸಲಕ್ಕೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಹೋಗಲ್ಲ. ಕೆಳಗೆ ನಾಲ್ಕು ಜನ "ಇನ್ನೆರಡು ಸಲ ಅರೆಯಿರಿ, ಬೆಳ್ಳುಳ್ಳಿ ಉಪ್ಪು ಹಾಕಿ" ಅಂತ ಬರೆದಿದ್ದಾರೆ. ದಯವಿಟ್ಟು ಆ ಮಾತು ಕೇಳಬೇಡಿ. ನೀವು ಹಾಕಿದ ಎರಡನೇ ಫೋಟೋ ದೊಡ್ಡದು ಮಾಡಿ ನೋಡಿದೆ. ತೂತುಗಳೆಲ್ಲ ಒಂದೇ ಅಳತೆ, ಕಾಲಿನ ಪಕ್ಕದಲ್ಲಿ ಅಚ್ಚಿನ ಗೆರೆ. ಅದು ಸಿಮೆಂಟು. ಅದರಲ್ಲಿ ಚಟ್ನಿ ಅರೆಯಬೇಡಿ ತಾಯಿ, ಅದೂ ಮನೆಯಲ್ಲಿ ಮಕ್ಕಳಿದ್ದಾರೆ ಅಂತೀರಿ.

ನಾನು ಇದನ್ನೇ ಮಾಡಿದ್ದೆ. 2013ರಲ್ಲಿ, ಲಾಂಗ್ ಬೀಚ್‌ನಿಂದ ಹೊರಟ ನಮ್ಮ ಮೊದಲ ಕ್ರೂಸು. ಅದೇ ದಾರಿ, ಅದೇ ಥರದ ಅಂಗಡಿ. ಹಂದಿ ಮುಖದ ಮೊಲ್ಕಹೆತೆ, ಮೂರು ಕಾಲು, ನೋಡಲು ಬಹಳ ಚೆನ್ನಾಗಿತ್ತು. ಅಂಗಡಿಯವನು ಮೇಲೆ ನೀರು ಚಿಮುಕಿಸಿ ಕಪ್ಪಗೆ ಹೊಳೆಯುವ ಹಾಗೆ ಮಾಡಿಟ್ಟಿದ್ದ. 60 ಅಂದಿದ್ದನ್ನು 35ಕ್ಕೆ ಇಳಿಸಿದೆ, ಗೆದ್ದೆ ಅಂದುಕೊಂಡೆ. ಮನೆಗೆ ತಂದು ಅಕ್ಕಿ ಅರೆದೆ. ಬೂದು. ಮತ್ತೆ ಅರೆದೆ. ಬೂದು. ಆರು ಸಲ ಆದ ಮೇಲೆ ಸಾಕು ಅಂತ ಕಾಯಿಚಟ್ನಿ ಮಾಡಿ ನೆಂಟರಿಗೆ ಬಡಿಸಿದೆ. ಮೊದಲ ತುತ್ತಿಗೇ ಎಲ್ಲರ ಹಲ್ಲಿಗೂ ಮರಳು. ಆಗ ಹಾಸನದಿಂದ ನಮ್ಮತ್ತೆ ಬಂದಿದ್ದರು. ಅವರು ಒಂದು ಮಾತೂ ಆಡದೆ ಎದ್ದು ಹೋಗಿ ಗುಂಡುಕಲ್ಲನ್ನು ಎತ್ತಿ ಅಂಚಿಗೆ ಎರಡು ಸಲ ತಟ್ಟಿದರು. ದಬ್, ದಬ್ ಅಂತು. "ಇದು ಕಲ್ಲಲ್ಲ ಕಣಮ್ಮ, ಗಾರೆ" ಅಂದರು. ಕಲ್ಲಾಗಿದ್ದರೆ ಠಣ್ ಅನ್ನಬೇಕಿತ್ತಂತೆ. ಒರಳು ನುಣುಪಾದಾಗ ಕಲ್ಲುಕುಟಿಗರನ್ನು ಕರೆಸಿ ಉಳಿಯಿಂದ ಕುಟ್ಟಿಸುತ್ತಿದ್ದ ಮನೆಯವರು ಅವರು. ಕಿವಿಯಲ್ಲೇ ಗೊತ್ತಾಗಿಬಿಟ್ಟಿತು.

ನಿಜವಾದ ಮೊಲ್ಕಹೆತೆ ಬಸಾಲ್ಟ್ ಕಲ್ಲಿನದು, ಜ್ವಾಲಾಮುಖಿಯ ಕಲ್ಲು. ಲಾವಾ ಆರುವಾಗ ಒಳಗೆ ಸಿಕ್ಕಿದ ಗಾಳಿಯಿಂದ ತೂತು ಬಿದ್ದಿರುತ್ತದೆ. ಆದ್ದರಿಂದ ತೂತುಗಳು ಒಂದು ಸಾಸಿವೆಯಷ್ಟು, ಇನ್ನೊಂದು ತೊಗರಿಕಾಳಿನಷ್ಟು, ಹೀಗೆ ಹೆಚ್ಚುಕಮ್ಮಿ ಇರಬೇಕು. ಉಳಿಯ ಏಟು ಕಾಣಬೇಕು. ಮೂರು ಕಾಲೂ ಒಂದೇ ತರಹ ಇದ್ದರೆ ಅನುಮಾನ ಪಡಿ. ತೂಕವೂ ಬೇಕು: ಆಮೇಲೆ ನಾನು ತಂದ ಎಂಟು ಇಂಚಿನ ನಿಜವಾದ ಕಲ್ಲು ನಾಲ್ಕೂವರೆ ಕೆಜಿ ಇದೆ. ಆದರೆ ತೂಕ ಒಂದನ್ನೇ ನಂಬಬೇಡಿ, ಸಿಮೆಂಟೂ ಭಾರವೇ.

ನಾನು ಈಗ ಮಾಡುವುದು ನಿಂಬೆಹಣ್ಣಿನ ಪರೀಕ್ಷೆ. ಮೆಕ್ಸಿಕೋದಲ್ಲಿ ಯಾವ ಟಾಕೋ ಗಾಡಿಯ ಹತ್ತಿರ ನಿಂತರೂ ನಿಂಬೆ ಹೋಳು ಸಿಗುತ್ತದೆ. ಒಂದು ಹೋಳು ಕರವಸ್ತ್ರದಲ್ಲಿ ಇಟ್ಟುಕೊಳ್ಳಿ. ಮೊಲ್ಕಹೆತೆಯನ್ನು ಬೋರಲು ಹಾಕಿ, ಬುಡದಲ್ಲಿ ಉಗುರಿನಿಂದಲೋ ಬೀಗದ ಕೈಯಿಂದಲೋ ಸ್ವಲ್ಪ ಕೆರೆಯಿರಿ. ಕೆರೆದ ಜಾಗಕ್ಕೆ ಎರಡು ಹನಿ ಹಿಂಡಿ ಕಣ್ಣು ಹತ್ತಿರ ಒಯ್ದು ನೋಡಿ. ಸಿಮೆಂಟಾದರೆ ಸಣ್ಣಗೆ ನೊರೆ ಏಳುತ್ತದೆ, ಸೂಜಿಮೊನೆಯಂಥ ಗುಳ್ಳೆಗಳು. ಮಾರ್ಬಲ್ ಕಟ್ಟೆ ಮೇಲೆ ನಿಂಬೆಹುಳಿ ಬಿದ್ದರೆ ಹೊಳಪು ಹೋಗುತ್ತಲ್ಲ, ಅದೇ ಕಾರಣ: ಸುಣ್ಣಕ್ಕೂ ಹುಳಿಗೂ ಆಗಲ್ಲ. ಬಸಾಲ್ಟಿಗೆ ಏನೂ ಆಗಲ್ಲ. ಹಾಗೇ ಆ ಒದ್ದೆ ಜಾಗವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿ. ಬೆರಳಿಗೆ ಬೂದಿ ಕಲಸಿದ ಹಾಗೆ ರಾಡಿ ಬಂದರೆ ಅಲ್ಲೇ ಬಿಟ್ಟು ನಡೆಯಿರಿ. ಆದರೆ ಗುಳ್ಳೆ ಬರಲಿಲ್ಲ ಅಂತ ಕಲ್ಲೇ ಅಂದುಕೊಳ್ಳಬೇಡಿ. ಮೇಲೆ ಬಣ್ಣವೋ ಮೇಣವೋ ಬಳಿದಿದ್ದರೆ ಹುಳಿ ತಾಗುವುದೇ ಇಲ್ಲ. ತೂತು, ಉಳಿ ಏಟು, ಸದ್ದು, ನಿಂಬೆ, ನಾಲ್ಕೂ ನೋಡಿ. ಅಂಗಡಿಯವರನ್ನು ಮೊದಲು ಕೇಳಿಕೊಳ್ಳಿ. ನಿಜವಾದ ಕಲ್ಲು ಇಟ್ಟಿರುವವರು ಬೇಡ ಅಂದಿದ್ದನ್ನು ನಾನು ನೋಡಿಲ್ಲ.

ಇದೇ ಕಾರಣಕ್ಕೆ ನಿಮ್ಮದನ್ನು ಅಡುಗೆಗೆ ಬಳಸಬೇಡಿ ಅಂದಿದ್ದು. ಟೊಮೆಟೊ, ಹುಣಸೆ, ನಿಂಬೆ, ನಾವು ಅರೆಯುವುದೆಲ್ಲ ಹುಳಿಯೇ ಅಲ್ವಾ? ಪ್ರತಿ ಸಲವೂ ಸಿಮೆಂಟು ಕರಗಿ ಚಟ್ನಿಗೆ ಸೇರುತ್ತದೆ. ನನ್ನ ಆ ಸಿಮೆಂಟಿನದರಲ್ಲಿ ದೊಡ್ಡಪತ್ರೆ ನೆಟ್ಟಿದ್ದೇನೆ, ಬುಡಕ್ಕೆ ತೂತು ಕೊರೆಸಿ.

ನಿಜವಾದ ಕಲ್ಲೂ ಮೊದಲಿಗೆ ಬೂದು ಪುಡಿ ಬಿಡುತ್ತದೆ, ಅದಕ್ಕೆ ಹೆದರಬೇಡಿ. ವ್ಯತ್ಯಾಸ ಏನೆಂದರೆ ಅದು ನಿಲ್ಲುತ್ತದೆ. ಗಟ್ಟಿ ಬ್ರಷ್ಷಿನಲ್ಲಿ ಬರೀ ನೀರು ಹಾಕಿ ತಿಕ್ಕಿ ಒಣಗಿಸಿ. ಒಂದು ಹಿಡಿ ಒಣ ಅಕ್ಕಿ ಹಾಕಿ ನುಣ್ಣಗೆ ಪುಡಿ ಮಾಡಿ, ಚೆಲ್ಲಿ, ಮತ್ತೆ ಹಾಕಿ. ನನ್ನ ಈಗಿನ ಕಲ್ಲಿಗೆ ಐದನೇ ಹಿಡಿಗೆ ಪುಡಿ ಬೆಳ್ಳಗೆ ಬಂತು. ಆಮೇಲೆ ಬೆಳ್ಳುಳ್ಳಿ, ಜೀರಿಗೆ, ಕಲ್ಲುಪ್ಪು ಅರೆದು ಒಳಗೆಲ್ಲ ಬಳಿದು ಒಂದು ರಾತ್ರಿ ಬಿಟ್ಟೆ. ಸೋಪು ಹಾಕಬೇಡಿ, ತೂತಿನಲ್ಲಿ ಕೂತು ವಾಸನೆ ಹಿಡಿಯುತ್ತದೆ. ಈಗ ಬಸ್ಸಾರಿನ ಖಾರ ಅದರಲ್ಲೇ ಅರೆಯುತ್ತೇನೆ. ಮಿಕ್ಸಿಯದಕ್ಕೂ ಇದಕ್ಕೂ ಬಹಳ ಅಂತರ.

ಅದನ್ನು ಎಲ್ಲಿ ತಗೊಂಡೆ? ಪ್ವೆರ್ಟೊ ವಯಾರ್ಟಾದಲ್ಲಿ. ಬಂದರಿನ ಎದುರಿನ ಅಂಗಡಿಗಳಲ್ಲಿ ಅಲ್ಲ, ಊರೊಳಗೆ ಹೋಗಿ. ಇಷ್ಟು ವರ್ಷದಲ್ಲಿ ನಾನು ಕಲಿತ ಮುಖ್ಯ ವಿಷಯ ಇದೇ. ಹಡಗು ಯಾವ ಸೀಮೆಗೆ ಹೋಗುತ್ತೋ ಆ ಸೀಮೆಯಲ್ಲೇ ಆಗುವ ವಸ್ತು ತಗೊಳ್ಳಿ. ವಯಾರ್ಟಾ ಇರುವುದು ಹಲಿಸ್ಕೊ ರಾಜ್ಯದಲ್ಲಿ. ಮೊಲ್ಕಹೆತೆ ಕೆತ್ತುವ ಸ್ಯಾನ್ ಲೂಕಾಸ್ ಎವಾಂಹೆಲಿಸ್ತಾ ಅನ್ನುವ ಊರೂ ಅದೇ ರಾಜ್ಯದ್ದು. ಎಲ್ಲ ಬಂದರಿನಲ್ಲೂ ಎಲ್ಲವೂ ಸಿಗುತ್ತದೆ, ಅದೇ ತೊಂದರೆ. ನಮ್ಮವರು ಯಾರಾದರೂ ಚನ್ನಪಟ್ಟಣದ ಗೊಂಬೆಯನ್ನು ಗೋವಾ ಬೀಚಿನಲ್ಲಿ ಕೊಳ್ಳುತ್ತಾರಾ?

ಎನ್ಸೆನಾಡಾಗೆ ಹೋದರೆ ಕುಡಿಯುವವರು ಗ್ವಾಡಲೂಪೆ ಕಣಿವೆಯ ವೈನ್ ತರಲಿ, ಪಕ್ಕದ್ದೇ ದ್ರಾಕ್ಷಿತೋಟ. ವಯಾರ್ಟಾದಲ್ಲಿ ಹುಯಿಚೋಲ್ ಜನರ ಮಣಿ ಕೆಲಸ ನೋಡಿ. ಮರದ ಆಕೃತಿಗೆ ಜೇನುಮೇಣ ಹಚ್ಚಿ ಒಂದೊಂದೇ ಮಣಿಯನ್ನು ಒತ್ತಿ ಕೂರಿಸುತ್ತಾರೆ. ಅಂಗೈಯಷ್ಟರ ಮೇಲೆ ಸಾವಿರಾರು ಮಣಿ. ಅದಕ್ಕೆ ಚೌಕಾಸಿ ಮಾಡಲು ನನಗೆ ಮನಸ್ಸು ಬರುವುದಿಲ್ಲ, ನೀವೂ ಮಾಡಬೇಡಿ. ಕಾರಿನಲ್ಲಿ ಬಿಡಬೇಡಿ, ಬಿಸಿಲಿಗೆ ಮೇಣ ಕರಗುತ್ತದೆ. ಪ್ರೊಗ್ರೆಸೊದಲ್ಲಿ ಇಳಿದರೆ ಮೆರಿಡಾಗೆ ಹೋಗಿ ಹ್ಯಾಮಕ್ ತಗೊಳ್ಳಿ. ಹತ್ತಿರದ ತಿಷ್‌ಕೊಕೊಬ್ ಊರಿನವರು ಅದಕ್ಕೇ ಹೆಸರಾದವರು. ಒಳಗೆ ಕಟ್ಟುವುದಾದರೆ ಹತ್ತಿಯದು, ಅಂಗಳಕ್ಕಾದರೆ ನೈಲಾನ್. ಹತ್ತಿಯದು ಮಳೆಗೆ ಬೂಷ್ಟು ಹಿಡಿಯುತ್ತದೆ.

ಇನ್ನು ಬೆಳ್ಳಿ. ಮೊನ್ನೆ ಇದೇ ಗುಂಪಿನಲ್ಲಿ ಒಬ್ಬರು ಕೋಜುಮೆಲ್ ಬೀಚಿನಲ್ಲಿ ಕೊಂಡ ಬಳೆ ತೋರಿಸಿ "ಅಲ್ಪಾಕಾ ಅಂತ ಬರೆದಿದೆ, ಅಪ್ಪಟ ಅಲ್ವಾ" ಅಂದಿದ್ದರು. ಅಲ್ಪಾಕಾ ಅಂದರೆ ನಮ್ಮ ಜರ್ಮನ್ ಸಿಲ್ವರ್. ತಾಮ್ರ, ನಿಕ್ಕಲ್, ಸತು, ಅಷ್ಟೇ. ಬೆಳ್ಳಿ ಒಂದು ಗುಲಗಂಜಿಯಷ್ಟೂ ಇಲ್ಲ. ಕುಂಕುಮದ ಭರಣಿಗೆ ಪರವಾಗಿಲ್ಲ, ಆದರೆ ನಿಕ್ಕಲ್ ಆಗದವರ ಕಿವಿಗೆ ಹಾಕಿದರೆ ತುರಿಕೆ ಗ್ಯಾರಂಟಿ. ಮೆಕ್ಸಿಕೋದ ಬೆಳ್ಳಿಯ ಊರು ತಾಸ್ಕೊ, ಅದು ಗುಡ್ಡದ ಮೇಲಿನ ಊರು, ಹಡಗು ಹೋಗಲ್ಲ. ಬಂದರಿನಲ್ಲಿ ಕೊಳ್ಳಲೇಬೇಕಾದರೆ ಬಾಗಿಲು, ಬೋರ್ಡು, ತಕ್ಕಡಿ ಇರುವ ಅಂಗಡಿಗೆ ಹೋಗಿ, ತೂಕ ಹಾಕಿಸಿ, ಬಿಲ್ ಪಡೆಯಿರಿ. 925 ಮುದ್ರೆಯ (92.5% ಬೆಳ್ಳಿ ಅಂತ ಅರ್ಥ) ಪಕ್ಕದಲ್ಲಿ ಮಾಡಿದವರ ಗುರುತೂ ಇರಬೇಕು, ಎರಡು ಅಕ್ಷರ ಮತ್ತು ಅಂಕೆ. ತಾಸ್ಕೊದ್ದಾದರೆ ಮೊದಲ ಅಕ್ಷರ ಟಿ. ಆದರೆ ಮುದ್ರೆ ಯಾರು ಬೇಕಾದರೂ ಒತ್ತಬಹುದು. ಅಯಸ್ಕಾಂತ ಹಿಡಿದು ನೋಡಿದೆ, ಅಂಟಲಿಲ್ಲ ಅನ್ನುತ್ತೀರಲ್ಲ, ಅಲ್ಪಾಕಾನೂ ಅಂಟಲ್ಲ. ಅದರಿಂದ ಕಬ್ಬಿಣ ಮಾತ್ರ ಸಿಕ್ಕಿಬೀಳುತ್ತದೆ.

ಅಡುಗೆಮನೆಗೆ ಅಂತ ತರುವವರಿಗೆ ಎರಡು ಮಾತು. ಒಂದು, ಕೇಸರಿ. ಅಲ್ಲಿ ಅಸಫ್ರಾನ್ ಅಂತ ಅಗ್ಗದ ಪೊಟ್ಟಣ ಮಾರುತ್ತಾರೆ, ನಮ್ಮವರು ಐದಾರು ಹೊತ್ತು ತರುತ್ತಾರೆ. ಅದು ಹೆಚ್ಚಾಗಿ ಕುಸುಬೆ ಹೂವಿನ ಎಸಳು. ವಿಜಯಪುರ, ಗದಗದ ಕಡೆ ಎಣ್ಣೆಗೆ ಬೆಳೆಯುತ್ತಾರಲ್ಲ, ಅದೇ ಕುಸುಬೆ. ಹಾಲಿಗೆ ಹಾಕಿದರೆ ಹಳದಿ ಬರುತ್ತದೆ, ಪರಿಮಳ ಬರುವುದಿಲ್ಲ. ಎರಡು, ವೆನಿಲಾ. ವೆನಿಲಾದ ಮೂಲ ಊರೇ ಮೆಕ್ಸಿಕೋ, ವೆರಾಕ್ರೂಸ್ ರಾಜ್ಯದ ಪಪಾಂಟ್ಲಾ ಕಡೆಯದು ಇಂದಿಗೂ ಹೆಸರುವಾಸಿ. ಹಾಗಂತ ಐದು ಡಾಲರಿಗೆ ದೊಡ್ಡ ಬಾಟಲಿ ಕೊಟ್ಟರೆ ಅದು ವೆನಿಲಾ ಆಗಲು ಸಾಧ್ಯವೇ ಇಲ್ಲ. ನೀರಿನಂತೆ ತಿಳಿಯಾಗಿದ್ದರೂ ಬೇಡ, ಪದಾರ್ಥಗಳ ಪಟ್ಟಿಯಲ್ಲಿ ವೈನಿಯಿನಾ (vainillina, ಕೃತಕ ವೆನಿಲಾ ಪರಿಮಳ) ಅಂತಿದ್ದರೂ ಬೇಡ. ಅಗ್ಗದ್ದಕ್ಕೆ ಟೋಂಕಾ ಬೀಜದ ರಸ ಬೆರೆಸುವುದುಂಟು. ಅದರಲ್ಲಿ ಕೌಮರಿನ್ ಅನ್ನುವ ರಾಸಾಯನಿಕ ಇರುತ್ತದೆ. ಅಮೆರಿಕದಲ್ಲಿ ಅದನ್ನು ಆಹಾರಕ್ಕೆ ಹಾಕುವಂತಿಲ್ಲ ಅಂತ 1954ರಿಂದ ನಿಷೇಧ ಇದೆ. ರಕ್ತ ತೆಳುವಾಗಲು ಮಾತ್ರೆ ತಗೊಳ್ಳುವ ಹಿರಿಯರು ಮನೆಯಲ್ಲಿದ್ದರೆ ಇದನ್ನು ಹಗುರವಾಗಿ ತಗೋಬೇಡಿ. ಒಳ್ಳೆಯದರ ಮೇಲೆ ಆಲ್ಕೋಹಾಲ್ 35% ಅಂತ ಬರೆದಿರುತ್ತದೆ, ಬೆಲೆಯೂ ಇರುತ್ತದೆ.

ತಾಹಿನ್ ಖಾರದ ಪುಡಿ, ವ್ಯಾಲೆಂಟಿನಾ ಖಾರದ ಸಾಸು ಇವನ್ನೆಲ್ಲ ಬಂದರಿನ ಅಂಗಡಿಯಲ್ಲಿ ಡಬಲ್ ಕೊಟ್ಟು ಯಾಕೆ ತರುತ್ತೀರಿ? ಕ್ಯಾಲಿಫೋರ್ನಿಯಾದ ಯಾವ ಅಂಗಡಿಯಲ್ಲೂ ಇದೆ. ಬಿಸಿ ಚಾಕೊಲೇಟಿಗೆ ಎಲ್ಲರೂ ಅಬುವೆಲಿತಾ ಬ್ರ್ಯಾಂಡು ಹೊಗಳುತ್ತಾರೆ, ನನಗೆ ಇಬಾರಾ ಬ್ರ್ಯಾಂಡು ಇಷ್ಟ, ದಾಲ್ಚಿನ್ನಿ ಚೆನ್ನಾಗಿ ಹತ್ತುತ್ತದೆ. ಮೆರುಗು ಹಚ್ಚಿದ ಮಣ್ಣಿನ ಪಾತ್ರೆ ತಂದರೆ ಗೋಡೆಗೆ ನೇತುಹಾಕಿ. ಹಳೆಯ ಪದ್ಧತಿಯ ಮೆರುಗಿನಲ್ಲಿ ಸೀಸ ಇರುತ್ತದೆ. ಹುಣಸೆ ಗೊಜ್ಜು, ಮೊಸರು ಅದರಲ್ಲಿ ಖಂಡಿತ ಇಡಬೇಡಿ. ಸಿನ್ ಪ್ಲೋಮೊ ಅಂದರೆ ಸೀಸ ಇಲ್ಲ ಅಂತ ಅರ್ಥ, ಆದರೂ ಗೊತ್ತಿರುವ ಅಂಗಡಿಯದ್ದಾದರೆ ಮಾತ್ರ ನಂಬಿ.

ದುಡ್ಡಿನ ವಿಷಯ. ಪೆಸೊಗೂ ಡಾಲರಿನದೇ ಚಿಹ್ನೆ. ಚೀಟಿಯ ಮೇಲಿನ 400 ಯಾವುದು ಅಂತ ಬಾಯಿಬಿಟ್ಟು ಕೇಳಿ. ಕಾರ್ಡ್ ಮೆಷಿನ್ ಯಾವ ಹಣ ಅಂತ ಕೇಳಿದರೆ ಪೆಸೊ ಒತ್ತಿ. ಡಾಲರ್ ಒತ್ತಿದರೆ ಅವರು ಹಾಕಿದ್ದೇ ರೇಟು.

ವಾಪಸ್ ಬರುವಾಗ ಅಮೆರಿಕದ ನಿವಾಸಿಗಳಿಗೆ ತಲಾ 800 ಡಾಲರಿನವರೆಗೆ ಸುಂಕ ಇಲ್ಲ, 21 ದಾಟಿದವರಿಗೆ ಮದ್ಯ ಒಂದು ಲೀಟರ್. ಟಕೀಲಾ ತರುವವರು 100% ಅಗಾವೆ (ಟಕೀಲಾ ಮಾಡುವ ಕತ್ತಾಳೆ ಜಾತಿಯ ಗಿಡ) ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಅರ್ಧದ ಹತ್ತಿರ ಬೇರೆ ಸಕ್ಕರೆಯದು ಇರಬಹುದು. ಬಾಟಲಿಯನ್ನು ಹಡಗಿನವರು ಹತ್ತುವಾಗ ಇಸಿದುಕೊಂಡು ಕೊನೆಗೆ ಕೊಡುತ್ತಾರೆ, ಅದಕ್ಕೆ ಜಗಳ ಆಡಬೇಡಿ. ಆಮೆ ಚಿಪ್ಪಿನ ಬಾಚಣಿಗೆ, ಕಪ್ಪು ಹವಳ ಮುಟ್ಟಲೇಬೇಡಿ. ಕ್ಯೂಬಾ ಸಿಗಾರ್ ತರುವಂತಿಲ್ಲ, ಸಿಕ್ಕರೂ ನಕಲಿಯೇ ಜಾಸ್ತಿ. ಬಂದರಿನ ಫಾರ್ಮಸಿಯಲ್ಲಿ ಮಾತ್ರೆ ಅಗ್ಗ ಅಂತ ತಗೊಳ್ಳುವುದನ್ನಂತೂ ಬಿಟ್ಟುಬಿಡಿ. ನಕಲಿ ಮಾತ್ರೆಯಿಂದ ಜೀವ ಹೋಗಿದೆ.

ನವೆಂಬರಿನಲ್ಲಿ ವಯಾರ್ಟಾಗೆ ಹೋಗುತ್ತೇವೆ ಅಂತ ಬರೆದಿದ್ದೀರಿ. ಕ್ವಾಲೆ ನದಿಯ ಪಕ್ಕ ಮುನಿಸಿಪಲ್ ಮಾರುಕಟ್ಟೆ ಇದೆ, ಅಲ್ಲಿಂದ ಶುರು ಮಾಡಿ. ಅಲ್ಲೂ ಸಿಮೆಂಟಿನದು ಇರುತ್ತದೆ, ನಿಂಬೆ ಮರೆಯಬೇಡಿ. ಸುತ್ತಲಿನ ಬೀದಿಗಳಲ್ಲಿ ಊರಿನವರು ಪಾತ್ರೆಪಗಡೆ ಕೊಳ್ಳುವ ಅಂಗಡಿಗಳನ್ನೂ ನೋಡಿ, ನನಗೆ ಸಿಕ್ಕಿದ್ದು ಅಂಥದ್ದರಲ್ಲಿ. ಅಂಗಡಿಯಾಕೆ ಗುಂಡುಕಲ್ಲು ತಟ್ಟಿ ತೋರಿಸಿದಳು, ನಾನು ಕೇಳುವ ಮೊದಲೇ. ಕೊಳ್ಳುವ ಮುಂಚೆ ಬುಡದ ಫೋಟೋ ತೆಗೆದು ಇಲ್ಲಿ ಹಾಕಿ, ಮೂರೂ ಕಾಲು ಕಾಣುವ ಹಾಗೆ. ನಾನು ನೋಡಿ ತಕ್ಷಣ ಹೇಳುತ್ತೇನೆ.