ಓದುಗರ ಪ್ರಶ್ನೆ, ನಮ್ಮ ಉತ್ತರ: ಸೃಷ್ಟಿಯೂ ಒಂದು ಅದ್ಭುತವೇ?

ಪ್ರಶ್ನೆ: ಮಕ್ಕಳನ್ನು ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದೆವು. ಅಲ್ಲಿನ ಕಲ್ಲುಗಳಿಗೆ ಕೋಟ್ಯಂತರ ವರ್ಷವೆಂದು ಶಾಲೆಯಲ್ಲಿ ಕಲಿತವರು, ಭೂಮಿಗೆ ಆರು ಸಾವಿರ ವರ್ಷವೆಂದು ಬೇರೆ ಕಡೆ ಕೇಳಿದ್ದಾರೆ. "ದೇವರು ಅದ್ಭುತದಿಂದ ಹಳೆಯ ಕಲ್ಲನ್ನೇ ಸೃಷ್ಟಿಸಿದ" ಎನ್ನಬಹುದೇ?
— ಸಂಡೇ ಸ್ಕೂಲ್ ಶಿಕ್ಷಕಿ, ಉಡುಪಿ

ಉತ್ತರ: ದಯವಿಟ್ಟು ಹಾಗೆ ಹೇಳಬೇಡಿ. 1857ರಲ್ಲಿ ಇಂಗ್ಲೆಂಡಿನ ಫಿಲಿಪ್ ಗಾಸ್ ಎಂಬ ದೈವಭಕ್ತ ಜೀವವಿಜ್ಞಾನಿ ಇದೇ ವಾದ ಹೂಡಿದಾಗ ಭಕ್ತರೂ ಒಪ್ಪಲಿಲ್ಲ, ವಿಜ್ಞಾನಿಗಳೂ ಒಪ್ಪಲಿಲ್ಲ. ನಡೆಯದ ಚರಿತ್ರೆಯನ್ನು ಕಲ್ಲಿನಲ್ಲಿ ಬರೆದಿಟ್ಟು ನಮ್ಮನ್ನು ನಂಬಿಸುವ ದೇವರು ಬೈಬಲ್ಲಿನ ದೇವರಲ್ಲ.

ದ್ವೀಪದಲ್ಲಿ ಸಾಲಾಗಿ ನಿಂತಿರುವ ಕಲ್ಲಿನ ಕಂಬಗಳನ್ನು ಮಕ್ಕಳಿಗೆ ಹತ್ತಿರದಿಂದ ತೋರಿಸಿ. ಲಾವಾ ಆರುವಾಗ ಕುಗ್ಗಿ, ಬಿರುಕುಗಳು ಮೇಲಿನಿಂದ ಕೆಳಕ್ಕೆ ಇಳಿದು ಐದು, ಆರು, ಏಳು ಮುಖದ ಕಂಬಗಳಾಗಿವೆ. ವಯಸ್ಸು ತಿಳಿಯುವ ಒಂದು ದಾರಿ ಕಲ್ಲಿನಲ್ಲಿರುವ ಪೊಟ್ಯಾಶಿಯಂ-40 ಎಂಬ ವಿಕಿರಣಶೀಲ ಧಾತು. ಅದರಲ್ಲಿ ಅರ್ಧ ಕ್ಷಯಿಸಲು ಸುಮಾರು 125 ಕೋಟಿ ವರ್ಷ ಬೇಕು; ಒಂದು ಪಾಲು ಆರ್ಗಾನ್ ಅನಿಲವಾಗಿ ಕಲ್ಲೊಳಗೆ ಉಳಿಯುತ್ತದೆ. ಕಲ್ಲು ಶಿಥಿಲವಾಗಿ ಆರ್ಗಾನ್ ಸೋರಿದರೆ ವಯಸ್ಸು ಕಡಿಮೆ ಕಾಣುತ್ತದೆ. ಹಳೆಯ ಆರ್ಗಾನ್ ಸಿಕ್ಕಿಕೊಂಡಿದ್ದರೆ ಹೆಚ್ಚು ಕಾಣುತ್ತದೆ. ಅದಕ್ಕೇ ಯುರೇನಿಯಂ ಕ್ಷಯಿಸಿ ಸೀಸವಾಗುವ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡುತ್ತಾರೆ. ಇಲ್ಲಿ ಎರಡೂ ಸೇರಿ ಕೊಡುವ ಉತ್ತರ 8.5ರಿಂದ 9.2 ಕೋಟಿ ವರ್ಷ. ಆರು ಸಾವಿರವೇ ಸರಿಯಾಗಬೇಕಿದ್ದರೆ ಈ ಗಡಿಯಾರ ಹದಿನಾಲ್ಕು ಸಾವಿರ ಪಟ್ಟು ತಪ್ಪಿರಬೇಕು!

ಆರು ಸಾವಿರ ಎಂಬುದು ಬೈಬಲ್ಲಿನ ವಚನವೂ ಅಲ್ಲ. ವಂಶಾವಳಿಗಳನ್ನು ಕೂಡಿಸಿ 1650ರಲ್ಲಿ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಸೃಷ್ಟಿಗೆ ಕ್ರಿ.ಪೂ. 4004 ಎಂದು ವರ್ಷ ಕಟ್ಟಿದರು. ಅಂಥ ಲೆಕ್ಕಗಳಿಂದ ಬಂದದ್ದು ಅದು.

ಇನ್ನು ಮುಖ್ಯ ಮಾತು. 13ನೆಯ ಶತಮಾನದಲ್ಲೇ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್, ಸೃಷ್ಟಿಯನ್ನು ಸರಿಯಾದ ಅರ್ಥದಲ್ಲಿ ಅದ್ಭುತವೆನ್ನಲಾಗದು ಎಂದರು. ನಿಸರ್ಗದ ಕ್ರಮ ಮೀರಿದ್ದು ಅದ್ಭುತ. ಸೃಷ್ಟಿಯಾದರೋ ಆ ಕ್ರಮವನ್ನೇ ಇರಿಸುವ ಕೆಲಸ, ಮೀರುವುದಕ್ಕೆ ಅಲ್ಲಿ ಮೊದಲೇ ಕ್ರಮವೆಂಬುದಿಲ್ಲ. ಕಾನಾ ಊರಿನಲ್ಲಿ ನೀರು ದ್ರಾಕ್ಷಾರಸವಾದದ್ದನ್ನು ಯೋಹಾನನ ಸುವಾರ್ತೆ 'ಸೂಚಕಕಾರ್ಯ' ಎನ್ನುತ್ತದೆ. ನೀರು ಸುಮ್ಮನೆ ದ್ರಾಕ್ಷಾರಸವಾಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿದ್ದದ್ದರಿಂದಲೇ ಅದು ಸೂಚನೆಯಾಯಿತು. ಆದಿಕಾಂಡದ ಮೊದಲ ಅಧ್ಯಾಯವನ್ನು ಮಕ್ಕಳ ಜತೆ ಓದುವಾಗ, ಸಸ್ಯಗಳನ್ನು ಮೊಳೆಯಿಸೆಂದು ದೇವರು ಭೂಮಿಗೇ ಅಪ್ಪಣೆ ಕೊಡುವ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿ.

ಪ್ರಶ್ನೆ: ಪ್ರಾರ್ಥನಾ ಕೂಟದಲ್ಲಿ ಗುಣವಾಯಿತೆಂದು ನಮ್ಮ ಅತ್ತೆಯವರು ಶುಗರ್ ಮಾತ್ರೆ ಬಿಟ್ಟಿದ್ದಾರೆ. ಚರ್ಚ್ ಇಂಥದ್ದನ್ನು ಹೇಗೆ ಪರೀಕ್ಷಿಸುತ್ತದೆ?
— ಓದುಗರು, ಕುಲಶೇಖರ, ಮಂಗಳೂರು

ಉತ್ತರ: ಮೊದಲು ಡಾಕ್ಟರ ಬಳಿ ಕರೆದುಕೊಂಡು ಹೋಗಿ, ಇವತ್ತೇ. ಉಪವಾಸ ಪ್ರಾರ್ಥನೆಯ ಮರುದಿನ ಶುಗರ್ ಕಡಿಮೆ ಬಂದರೆ ಅದು ಉಪವಾಸದ ಫಲವೂ ಆಗಿರಬಹುದು. ಎರಡು-ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿ. ಮಾತ್ರೆ ಬಿಟ್ಟ ಮೇಲೆ ವಾರಗಟ್ಟಲೆ ಏನೂ ಅನ್ನಿಸದೆ ಇರಬಹುದು, ಮೋಸ ಹೋಗುವುದು ಅಲ್ಲೇ. ಇನ್ಸುಲಿನ್ ತೆಗೆದುಕೊಳ್ಳುವವರು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೇ ಅಪಾಯ.

ಕಥೋಲಿಕ ಚರ್ಚ್ ಇಂದಿಗೂ ಬಳಸುವ ಅಳತೆಗೋಲು, ಮುಂದೆ 14ನೆಯ ಬೆನೆಡಿಕ್ಟ್ ಪೋಪ್ ಆದ ಪ್ರಾಸ್ಪರೋ ಲಾಂಬರ್ಟಿನಿ 18ನೆಯ ಶತಮಾನದಲ್ಲಿ ಬರೆದಿಟ್ಟದ್ದು: ಕಾಯಿಲೆ ಗಂಭೀರವಾಗಿರಬೇಕು, ತಾನಾಗಿ ಇಳಿಯುವ ಹಂತದಲ್ಲಿರಬಾರದು, ಔಷಧದಿಂದ ಗುಣವಾಗಿರಬಾರದು, ಗುಣ ದಿಢೀರನೆ, ಪೂರ್ತಿಯಾಗಿ ಬರಬೇಕು, ಮರುಕಳಿಸಬಾರದು. ಗುಣವಾಯಿತೆಂಬ ಹೆಚ್ಚಿನ ಸಾಕ್ಷಿಗಳು ಬಿದ್ದುಹೋಗುವುದು ಕಾಗದಪತ್ರದಲ್ಲಿ. ಮುಂಚಿನ ಬಯಾಪ್ಸಿ, ಸ್ಕ್ಯಾನ್ ಇರುವುದಿಲ್ಲ, ಅದೇ ತಿಂಗಳು ಔಷಧ ಬದಲಾಗಿರುತ್ತದೆ, ಮರುಪರೀಕ್ಷೆ ಆಗಿರುವುದಿಲ್ಲ. ಫ್ರಾನ್ಸಿನ ಯಾತ್ರಾಸ್ಥಳ ಲೂರ್ಡ್ಸ್‌ನಲ್ಲಿ 1883ರಿಂದ ವೈದ್ಯಕೀಯ ಕಚೇರಿಯೇ ಇದೆ. ಅಲ್ಲಿ ದಾಖಲಾದ 7,000ಕ್ಕೂ ಹೆಚ್ಚು ಪ್ರಕರಣಗಳಲ್ಲಿ 2025ರ ವೇಳೆಗೆ ಅದ್ಭುತವೆಂದು ಘೋಷಿತವಾದವು 72. ವೈದ್ಯರು 'ಈಗಿನ ವೈದ್ಯಶಾಸ್ತ್ರಕ್ಕೆ ವಿವರಿಸಲಾಗದು' ಎಂದಷ್ಟೇ ಹೇಳುತ್ತಾರೆ; ಅದ್ಭುತ ಎನ್ನುವ ಅಧಿಕಾರ ಬಿಷಪರದು.

ಪರೀಕ್ಷಿಸಿದರೆ ನಂಬಿಕೆ ಕಡಿಮೆಯಾದಂತೆ ಎಂದು ಅತ್ತೆಯವರು ಹೇಳಿದರೆ ಲೂಕನ ಸುವಾರ್ತೆಯ 17ನೆಯ ಅಧ್ಯಾಯ ಓದಿ ಹೇಳಿ. ಹತ್ತು ಮಂದಿ ಕುಷ್ಠರೋಗಿಗಳಿಗೆ ಯೇಸು ಹೇಳಿದ್ದು, ಹೋಗಿ ಯಾಜಕರಿಗೆ ಮೈ ತೋರಿಸಿ ಎಂದೇ. ಆ ಕಾಲದಲ್ಲಿ ಚರ್ಮ ನೋಡಿ, ಅನುಮಾನವಿದ್ದರೆ ಏಳು ದಿನ ಬೇರೆ ಇರಿಸಿ, ಮತ್ತೆ ನೋಡಿ ತೀರ್ಮಾನ ಹೇಳುತ್ತಿದ್ದವರು ಯಾಜಕರು.

ಪ್ರಶ್ನೆ: ಆದಿಕಾಂಡದ "ಬೆಳಕಾಗಲಿ" ಎಂಬುದು ಮಹಾಸ್ಫೋಟವೇ (ಬಿಗ್ ಬ್ಯಾಂಗ್) ಅಲ್ಲವೇ?
— ಪಿಯುಸಿ ವಿದ್ಯಾರ್ಥಿ, ಕಾರ್ಕಳ

ಉತ್ತರ: ಹಾಗೆ ತಾಳೆ ಹಾಕಬೇಡಿ. ವಿಶ್ವ ಹಿಗ್ಗುತ್ತಿದೆಯೆಂದು 1927ರಲ್ಲಿ ಲೆಕ್ಕ ಹಾಕಿ, 1931ರಲ್ಲಿ ಇಡೀ ವಿಶ್ವ ಒಂದೇ ಆದಿಮ ಅಣುವಿನಿಂದ ಹೊರಟಿತೆಂಬ ಕಲ್ಪನೆ ಕೊಟ್ಟ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಸ್ವತಃ ಕಥೋಲಿಕ ಪಾದ್ರಿ. 1951ರಲ್ಲಿ 12ನೆಯ ಪಯಸ್ ಪೋಪ್ ಈ ವಿಜ್ಞಾನವನ್ನು ಸೃಷ್ಟಿಗೆ ಸಾಕ್ಷಿಯೆಂಬಂತೆ ಮಾತಾಡಿದ್ದು ಲೆಮೈತ್ರ್ ಅವರಿಗೆ ಹಿಡಿಸಲಿಲ್ಲ. ಲೆಕ್ಕವೂ ಕೂಡಿಬರುವುದಿಲ್ಲ: ಬೆಳಕು ತಡೆಯಿಲ್ಲದೆ ಹರಿಯತೊಡಗಿದ್ದು ಸ್ಫೋಟದ ಗಳಿಗೆಯಲ್ಲಲ್ಲ, ಸುಮಾರು 3,80,000 ವರ್ಷಗಳ ನಂತರ.