ಟ್ರಾನ್ಸ್‌ಮಿಟರ್ ಒಡೆದ ಮೇಲೂ ವೆರಿತಾಸ್ ಹೇಗೆ ಮಾತಾಡಿತು?

ನಮಸ್ಕಾರ. 1986ರಲ್ಲಿ ಫಿಲಿಪ್ಪೀನ್ಸ್ ಅಧ್ಯಕ್ಷ ಮಾರ್ಕೋಸ್ ಅವರ ಸೈನಿಕರು ಮನಿಲಾದ ಕ್ಯಾಥೊಲಿಕ್ ಚರ್ಚಿನ ನಿಲಯ ರೇಡಿಯೋ ವೆರಿತಾಸ್‌ನ ಟ್ರಾನ್ಸ್‌ಮಿಟರ್ ಒಡೆದ ಮೇಲೂ ಪ್ರಸಾರ ಹೇಗೆ ಮುಂದುವರಿಯಿತು ಎಂದು ಕೇಳಿದ್ದೀರಿ. ಸ್ಟುಡಿಯೋ ಇದ್ದದ್ದು ಕ್ವೆಜಾನ್ ಸಿಟಿಯಲ್ಲಿ, ಟ್ರಾನ್ಸ್‌ಮಿಟರ್ ದೂರದ ಬುಲಕಾನ್ ಪ್ರಾಂತ್ಯದ ಮಲೋಲೋಸ್‌ನಲ್ಲಿ. ಒಡೆದದ್ದು ಅದನ್ನು. ಹಾಗಾಗಿ ಮಾತಾಡುವವರು ಉಳಿದರು. ಬದಲಿ ಟ್ರಾನ್ಸ್‌ಮಿಟರ್‌ನಲ್ಲಿ ಕೆಲವು ಗಂಟೆ ನಡೆಸಿದರು, ಅದೂ ಕೈಕೊಟ್ಟಾಗ ನಿರೂಪಕಿ ಜೂನ್ ಕೀತ್ಲಿ ಬೇರೊಂದು ನಿಲಯಕ್ಕೆ ಹೋಗಿ, ‘ರೇಡಿಯೋ ಬಂಡಿಡೊ’ ಎಂಬ ಹೆಸರಿನಲ್ಲಿ ಮಾತು ಮುಂದುವರಿಸಿದರು.

ಆದರೆ ಜನ ಆ ದನಿಯನ್ನು ನಂಬಿದ್ದಕ್ಕೆ ಕಾರಣ ಮೂರು ವರ್ಷ ಹಿಂದಿನದು. 1983ರ ಆಗಸ್ಟ್‌ನಲ್ಲಿ ವಿರೋಧಪಕ್ಷದ ನಾಯಕ ಬೆನಿಗ್ನೊ ಅಕ್ವಿನೊ ಹತ್ಯೆಯಾದಾಗ ಬೇರೆ ಮಾಧ್ಯಮಗಳು ಬಾಯಿ ಬಿಗಿಹಿಡಿದಿದ್ದವು, ವೆರಿತಾಸ್ ಮಾತ್ರ ಅಂತ್ಯಯಾತ್ರೆಯನ್ನು ಬಿಡದೆ ಬಿತ್ತರಿಸಿತು. ಅದಕ್ಕೇ 1986ರ ಫೆಬ್ರವರಿ 22ರ ರಾತ್ರಿ ಮನಿಲಾದ ಆರ್ಚ್‌ಬಿಷಪ್ ಕಾರ್ಡಿನಲ್ ಸಿನ್, ಮಾರ್ಕೋಸ್ ವಿರುದ್ಧ ಬಂಡೆದ್ದ ಸೈನಿಕರನ್ನು ಬೆಂಬಲಿಸಿ ಎಂದು ಅದೇ ರೇಡಿಯೋದಲ್ಲಿ ಕರೆಕೊಟ್ಟಾಗ ಜನ ಬೀದಿಗಿಳಿದರು. 25ಕ್ಕೆ ಮಾರ್ಕೋಸ್ ದೇಶ ಬಿಟ್ಟರು. ರೇಡಿಯೋ ಒಂದೇ ಅವರನ್ನು ಇಳಿಸಿತು ಎನ್ನಲಾರೆ, ಸೇನೆಯೊಳಗೇ ಒಡಕು ಬಂದದ್ದೂ ಬಹಳ ಮುಖ್ಯ.

ನಾನು ಮಂಜೇಶ್ವರದ ಕಡೆಯವನು. ಗಡಿಯಾಚೆ ಮಂಗಳೂರಿನ ಸಮುದಾಯ ಬಾನುಲಿ (ಊರಿನವರಿಗಾಗಿ ನಡೆಸುವ ಸಣ್ಣ ನಿಲಯ) ರೇಡಿಯೋ ಸಾರಂಗ್ ಕೂಡ ಕ್ರೈಸ್ತ ಸಂಸ್ಥೆಯದೇ, ಸಂತ ಅಲೋಶಿಯಸ್ ಕಾಲೇಜಿನದು (ಈಗ ಅದು ಪರಿಗಣಿತ ವಿಶ್ವವಿದ್ಯಾಲಯ). ಆದರೆ ಅದನ್ನು ವೆರಿತಾಸ್ ಜೊತೆ ಹೋಲಿಸಬೇಡಿ: ನಮ್ಮಲ್ಲಿ ಸಮುದಾಯ ಬಾನುಲಿಗೆ ಸಾಮಾನ್ಯವಾಗಿ 100 ವ್ಯಾಟ್‌ನ ಮಿತಿಯಿದೆ, ಸ್ವಂತ ಸುದ್ದಿ ಬಿತ್ತರಿಸಲು ಅನುಮತಿಯೂ ಇಲ್ಲ. ನನಗೆ ಅದೇ ನೋವು. ಊರಿನ ನೀರು, ರಸ್ತೆ, ಪಂಚಾಯಿತಿ ವಿಷಯವನ್ನಾದರೂ ಸುದ್ದಿಯಾಗಿ ಹೇಳಲು ಬಿಡಬೇಕಿತ್ತು.