ಮಸಾಚ್ಚೊ ಲೇಖನ ಕಳಿಸಿದವರಿಗೆ

ನಮಸ್ಕಾರ. ಇಟಲಿಯ ಕಲಾವಿದ ಮಸಾಚ್ಚೊನ 'ಟ್ರಿಬ್ಯೂಟ್ ಮನಿ' (ತೆರಿಗೆ ಹಣ) ಅನ್ನೋ ಗೋಡೆಚಿತ್ರದ ಬಗ್ಗೆ ನೀವು ಕಳಿಸಿದ ಲೇಖನ ಓದ್ದೆ. ಭಾಷೆ ಚೆನ್ನಾಗಿದೆ, ಇಂಥ ವಿಷಯ ಎತ್ಕೊಳ್ಳೋರು ಕಮ್ಮಿ, ಅದಕ್ಕೆ ಖುಷಿ. ಆದ್ರೆ ಎರಡನೇ ಪ್ಯಾರಾಗೆ ಬರೋ ಹೊತ್ತಿಗೆ ನಿಜವಾಗ್ಲೂ ಸಿಟ್ಟು ಬಂತು.

"ಕತೆ ಎಡದಿಂದ ಬಲಕ್ಕೆ ಸುಂದರವಾಗಿ ಹರಿಯುತ್ತದೆ" ಅಂತ ಬರ್ದಿದೀರ. ಹರಿಯಲ್ಲ. ಬೈಬಲ್ಲಿನ ಮತ್ತಾಯನ ಸುವಾರ್ತೆ 17ನೇ ಅಧ್ಯಾಯದಲ್ಲಿ ದೇವಾಲಯದ ತೆರಿಗೆ ಕೇಳ್ಕೊಂಡು ಬರ್ತಾರೆ, ಆಗ ಯೇಸು ತನ್ನ ಶಿಷ್ಯ ಪೇತ್ರನಿಗೆ, ಹೋಗಿ ಗಾಳ ಹಾಕು, ಮೊದಲು ಸಿಕ್ಕೋ ಮೀನಿನ ಬಾಯಲ್ಲಿ ನಾಣ್ಯ ಇರುತ್ತೆ, ಅದನ್ನ ಕೊಡು ಅಂತಾನೆ. ಚಿತ್ರದಲ್ಲಿ ಈ ಮಾತು ನಡೆಯೋದು ಮಧ್ಯದಲ್ಲಿ, ಮೀನು ಹಿಡಿಯೋದು ಎಡತುದೀಲಿ, ದುಡ್ಡು ಕೊಡೋದು ಬಲತುದೀಲಿ. ಅಂದ್ರೆ ನೋಡೋರ ಕಣ್ಣು ನಡುವಿಂದ ಎಡಕ್ಕೋಗಿ ಆಮೇಲೆ ಇಡೀ ಚಿತ್ರ ದಾಟಿ ಬಲಕ್ಕೆ ಬರ್ಬೇಕು, ಒಂದೇ ಚಿತ್ರದಲ್ಲಿ ಪೇತ್ರ ಮೂರು ಸಲ ಇದಾನೆ, ಅದನ್ನ ನೀವು ಹೇಳೇ ಇಲ್ಲ.

ಮುಂದಿನ ಸಾಲು, "ಯೇಸು ಕೈ ಚಾಚಿ ಆಶೀರ್ವದಿಸುತ್ತಿದ್ದಾನೆ." ಎಲ್ಲಿ ಆಶೀರ್ವಾದ? ಆ ಕೈ ನೀರಿನ ಕಡೆ ತೋರಿಸ್ತಿದೆ, ಪಕ್ಕದಲ್ಲಿರೋ ಪೇತ್ರನ ಕೈನೂ ಅದೇ ಕಡೆಗಿದೆ. ಎಡಕ್ಕೆ ಹೋಗಿ ಅಂತ ನಮಗೆ ಹೇಳೋದೇ ಆ ಎರಡು ಕೈ. ಇನ್ನು ನಮಗೆ ಬೆನ್ನು ಹಾಕಿ ನಿಂತಿರೋ ತೆರಿಗೆಯವನು? ಉಳಿದವರೆಲ್ಲ ಪಾದದವರೆಗೆ ನಿಲುವಂಗಿ ಹಾಕಿದಾರೆ, ಇವನೊಬ್ಬನೇ ಗಿಡ್ಡ ಅಂಗಿ. ಬಲತುದೀಲಿ ದುಡ್ಡು ಇಸ್ಕೊಳ್ಳೋನೂ ಇವನೇ. ಅವನಿಗೆ ನಿಮ್ಮ ಲೇಖನದಲ್ಲಿ ಅರ್ಧ ಸಾಲೂ ಸಿಕ್ಕಿಲ್ಲ.

"ಬೆಳಕು-ನೆರಳಿನ ಅದ್ಭುತ ಮಾಯಾಲೋಕ" ಅನ್ನೋದಂತೂ ಸುಮ್ನೆ ಜಾಗ ತುಂಬಿಸೋ ಮಾತು. ಬೆಳಕು ಎಲ್ಲಿಂದ ಬರ್ತಿದೆ ಹೇಳಿ! ಫ್ಲಾರೆನ್ಸ್‌ನ ಸಾಂತಾ ಮರಿಯಾ ದೆಲ್ ಕಾರ್ಮಿನೆ ಚರ್ಚಲ್ಲಿ, ಬ್ರಂಕಾಚ್ಚಿ ಚಾಪೆಲ್ ಅನ್ನೋ ಪುಟ್ಟ ಪ್ರಾರ್ಥನಾ ಕೋಣೆಯ ಎಡಗೋಡೆ ಮೇಲಿದೆ ಈ ಚಿತ್ರ, ಅದರ ಬಲಕ್ಕೆ ಆಲ್ಟರ್ (ಪೂಜಾಪೀಠ) ಕಡೆ ನಿಜವಾದ ಕಿಟಕಿ. ಚಿತ್ರದೊಳಗಿನ ಬೆಳಕೂ ಬಲದಿಂದಾನೇ, ನೆರಳೆಲ್ಲ ಎಡಕ್ಕೆ. ಆ ಕಿಟಕಿ ಲೆಕ್ಕಕ್ಕೆ ತಗೊಂಡು ಬರೆದ ಚಿತ್ರ ಅದು, 1420ರ ದಶಕದಲ್ಲಿ, ಬರೆದವನು ಇಪ್ಪತ್ತೈದರ ಆಸುಪಾಸಿನ ಹುಡುಗ. ಇಷ್ಟು ಹೇಳಿದ್ರೆ ಓದುಗರೇ ಅದ್ಭುತ ಅಂತಾರೆ, ನೀವು ಅನ್ನೋದು ಬೇಕಿಲ್ಲ.

ನಾನು ಪುರವಣೀಲಿ ಟ್ರೈನಿಯಾಗಿದ್ದಾಗ ನಮ್ಮ ಹಿರಿಯ ಸಬ್ ಎಡಿಟರ್ ಒಬ್ರು ಮೇಜಿನ ಮೇಲೆ ಫೋಟೋ ಇಟ್ಟು, ಇದರಲ್ಲಿ ಯಾರ ಕೈ ಎಲ್ಲಿದೆ ಅಷ್ಟು ಬರ್ದು ತಾರಯ್ಯ, ಚೆಂದ ಗಿಂದ ಏನೂ ಬೇಡ ಅನ್ನೋರು. ಬರ್ಕೊಂಡು ಹೋದ್ರೆ ಅವ್ರು ಹಾಳೆ ನೋಡೋಕ್ ಮುಂಚೆ ಫೋಟೋ ಮುಚ್ಚಿಡೋರು, ನನ್ನ ಸಾಲಿಂದ ಅವ್ರಿಗೆ ಚಿತ್ರ ಕಾಣಿಸ್ಬೇಕು, ಇಲ್ಲಾಂದ್ರೆ ವಾಪಸ್. ಆ ಮೇಜಿನ ಮುಂದೆ ಕಲಿತಿದ್ದನ್ನೇ ಇವತ್ತಿಗೂ ತಿಂತಿದೀನಿ.

ನಿಮ್ಮ ಲೇಖನ ತಿರಸ್ಕರಿಸ್ತಿಲ್ಲ. ಆ ಬೆನ್ನು ಹಾಕಿದವನಿಂದ ಶುರು ಮಾಡಿ ಇನ್ನೊಂದ್ಸಲ ಬರೀರಿ, ಫ್ಲಾರೆನ್ಸ್ ಇತಿಹಾಸದ ಕೊನೇ ಎರಡು ಪ್ಯಾರಾ ತೆಗೆದುಬಿಡಿ, ಮುಂದಿನ ತಿಂಗಳೊಳಗೆ ಕಳಿಸಿದ್ರೆ ನಾನೇ ಕೂತು ನೋಡ್ತೀನಿ.